ಅಪಾಚೆ ಮುಂದೆ, ಟಾಮ್‌ಕ್ಯಾಟ್ ಹಿಂದೆ, ಮಧ್ಯದಲ್ಲಿ ಬರೀ 503: ಯಾರಾದ್ರೂ ದಾರಿ ತೋರ್ಸಿ

ಕಾಫಿ_ಚೆರಿ

ಎಲ್ರಿಗೂ ನಮಸ್ಕಾರ. ತಲೆ ಮೊಸರು ಗಡಿಗೆ ಆಗಿದೆ. ವಿರಾಜಪೇಟೆ ಕಡೆ ಬೆಳೆಗಾರರ ಸೊಸೈಟಿ ಒಂದರ ಸರ್ವರ್ ನಾನು ನೋಡ್ಕೊಳ್ಳೋದು. ಸದಸ್ಯರ ಲೆಕ್ಕ, ಗೊಬ್ಬರದ ಸ್ಟಾಕು, ಕಾಫಿ ಮೆಣಸಿನ ತೂಕದ ಚೀಟಿ ಎಲ್ಲಾ ಒಂದೇ ಜಾವಾ ಅಪ್ಲಿಕೇಶನ್‌ನಲ್ಲಿದೆ, ಬರ್ಕೊಟ್ಟ ವೆಂಡರ್ ಈಗ ಫೋನ್ ಎತ್ತಲ್ಲ. ಹಳೇ ಮಷಿನ್‌ನಲ್ಲಿ ಮುಂದೆ ಬ್ರೌಸರ್ ಜೊತೆ ಮಾತಾಡೋ ವೆಬ್ ಸರ್ವರ್ ಅಪಾಚೆ, ಹಿಂದೆ ಜಾವಾ ಅಪ್ಲಿಕೇಶನ್ ಓಡ್ಸೋ ಟಾಮ್‌ಕ್ಯಾಟ್ 8, ಮಧ್ಯೆ ಅವೆರಡೂ ಮಾತಾಡ್ಕೊಳ್ಳೋ ಎಜೆಪಿ ಪ್ರೋಟೋಕಾಲು, 8009 ಪೋರ್ಟು. ವರ್ಷಾನುಗಟ್ಟಲೆ ತಂಟೆ ತಕರಾರಿಲ್ಲದೆ ಓಡ್ತಿತ್ತು.

ಈಗ ಹೊಸ ಮಷಿನ್, ರಾಕಿ ಲಿನಕ್ಸ್ 9, ಟಾಮ್‌ಕ್ಯಾಟ್ 9ರಲ್ಲಿ ಲೇಟೆಸ್ಟು. ಟಾಮ್‌ಕ್ಯಾಟ್ ಸೆಟ್ಟಿಂಗ್ ಇರೋ ಹಳೇ ಸರ್ವರ್ ಡಾಟ್ ಎಕ್ಸ್‌ಎಂಎಲ್‌ನಲ್ಲಿದ್ದ ಎಜೆಪಿ ಕನೆಕ್ಟರ್ (ಆ ಪೋರ್ಟು ತೆಗೆಯೋ) ಸಾಲನ್ನ ಅಕ್ಷರ ಬಿಡದೆ ತಂದು ಹಾಕಿದೀನಿ, ಬಂದ ರಿಕ್ವೆಸ್ಟನ್ನ ಹಿಂದಕ್ಕೆ ಕಳಿಸೋ ಅಪಾಚೆ ಕಡೆಯ ಪ್ರಾಕ್ಸಿಪಾಸ್ ಸಾಲೂ ಅದೇ. ಟಾಮ್‌ಕ್ಯಾಟ್‌ನ ಸ್ವಂತ ಎಚ್‌ಟಿಟಿಪಿ ಪೋರ್ಟು 8080ಕ್ಕೆ ನೇರವಾಗಿ ಹೋದ್ರೆ ಅಪ್ಲಿಕೇಶನ್ ಚೆಂದಾಗಿ ಬರುತ್ತೆ, ಅಪಾಚೆ ಮೂಲಕ ಹೋದ್ರೆ 503 ಸರ್ವಿಸ್ ಅನ್‌ಅವೈಲಬಲ್. ಗೊಬ್ಬರಕ್ಕೆ ಅಂತ ಜೀಪ್ ತಂದು ಈ ಮಳೇಲಿ ಕಾಯ್ತಿರೋರಿಗೆ 503 ಅಂದ್ರೆ ಏನು ಅಂತ ಹೆಂಗೆ ಹೇಳೋದು ಮಾರಾಯ್ರೆ, ಕೌಂಟರ್‌ನಲ್ಲಿ ಕಾರ್ಬನ್ ಪೇಪರ್ ಇಟ್ಟು ಕೈಯಲ್ಲೇ ಬಿಲ್ ಬರೀತಿದಾರೆ. ಎರಡು ಸರ್ವರೂ ಇರೋದು ಒಂದೇ ಮಷಿನ್‌ನಲ್ಲಿ, ಆದ್ರೂ ಒಂದಕ್ಕೊಂದು ಮಾತಿಲ್ಲ.

ಹಾರಂಗಿ_ನೀರು

ಅಪಾಚೆ ತೆಗ್ದು ಎನ್‌ಜಿನ್‌ಎಕ್ಸ್ ಅನ್ನೋ ಬೇರೆ ವೆಬ್ ಸರ್ವರ್ ಹಾಕಿ ಅಣ್ಣ, ಐದು ಸಾಲಲ್ಲಿ ಮುಗೀತು.

ರೋಬಸ್ಟಾ_ರೂಟ್

ಕಾಯಿಲೆ ಏನು ಅಂತ ಗೊತ್ತಾಗೋ ಮುಂಚೆ ಆಪರೇಷನ್ ಬೇಡ. ಚೆರಿ, ಎರಡು ವಿಷಯ ನೋಡಿ ಹೇಳಿ. ಒಂದು, ಅಪಾಚೆ ಎರರ್ ಲಾಗ್‌ನಲ್ಲಿ ಕನೆಕ್ಟ್ ಫೇಲ್ ಆಯ್ತು ಅನ್ನೋ ಸಾಲಿನ ಶುರುವಲ್ಲಿ ಬ್ರಾಕೆಟ್ ಒಳಗೆ ಒಂದು ನಂಬರ್ ಇರುತ್ತೆ, ಅದು 111ಆ, 13ಆ, 110ಆ? 111 ಅಂದ್ರೆ ಆ ಪೋರ್ಟಲ್ಲಿ ಕೇಳೋಕೆ ಯಾರೂ ಇಲ್ಲ, ಇಲ್ಲಾ ಫೈರ್‌ವಾಲ್ ಮುಖಕ್ಕೆ ಹೊಡ್ದಂಗೆ ವಾಪಸ್ ಕಳಿಸ್ತಿದೆ. 13 ಅಂದ್ರೆ ಪರ್ಮಿಷನ್ ಇಲ್ಲ, ಅದು ಮುಕ್ಕಾಲು ಪಾಲು ಎಸ್‌ಇಲಿನಕ್ಸ್ ಕೆಲಸ, ಯಾವ ಪ್ರೋಗ್ರಾಂ ಏನು ಮಾಡ್ಬಹುದು ಅಂತ ಕಾಯೋ ಲಿನಕ್ಸ್ ಕಾವಲು ಅದು. 110 ಅಂದ್ರೆ ಕಾದು ಕಾದು ಸುಸ್ತಾಗಿ ಬಿಟ್ಟಿದ್ದು, ಪ್ಯಾಕೆಟ್ ಎಲ್ಲೋ ಸದ್ದಿಲ್ಲದೆ ಬಿದ್ದೋಗ್ತಿದೆ. ಮೂರಕ್ಕೂ ಬ್ರೌಸರ್‌ನಲ್ಲಿ ಕಾಣೋದು ಅದೇ 503, ಅದಕ್ಕೇ ಬ್ರೌಸರ್ ನೋಡ್ಕೊಂಡು ಕೂತ್ರೆ ವರ್ಷ ಆದ್ರೂ ಗೊತ್ತಾಗಲ್ಲ.

ಎರಡನೇದು, ತೆರೆದಿರೋ ಪೋರ್ಟು ತೋರ್ಸೋ ಎಸ್‌ಎಸ್ ಕಮಾಂಡ್‌ಗೆ ಎಲ್‌ಟಿಎನ್‌ಪಿ ಹಾಕಿ ಓಡ್ಸಿ, 8009 ಪೋರ್ಟು ಆ ಲಿಸ್ಟಲ್ಲಿ ಇದ್ಯಾ ನೋಡಿ. ಇದ್ರೆ ಯಾವ ಅಡ್ರೆಸ್‌ನಲ್ಲಿ ಅಂತನೂ ಹೇಳಿ.

ಕಾಫಿ_ಚೆರಿ

111 ಸರ್. ಲಾಗ್‌ನಲ್ಲಿ ಎಎಚ್00957 ಅಂತ ಕೋಡ್, 127.0.0.1:8009ಕ್ಕೆ ಕನೆಕ್ಷನ್ ರೆಫ್ಯೂಸ್ಡ್. ಲಿಸ್ಟಲ್ಲಿ 8080 ಇದೆ, 8005 ಇದೆ, 8009 ಇಲ್ವೇ ಇಲ್ಲ. ಕನೆಕ್ಟರ್ ಸಾಲು ಫೈಲಲ್ಲಿ ಇದೆ, ಕಾಮೆಂಟ್ ಒಳಗೂ ಇಲ್ಲ, ಕಣ್ಣಿಗೆ ಕಾಣ್ತಾನೇ ಇದೆ.

ನಾಪೋಕ್ಲು_ಅಕ್ಕ

ಅಪಾಚೆ ಲಾಗ್ ಸಾಕು, ಈಗ ಟಾಮ್‌ಕ್ಯಾಟ್‌ನ ಲಾಗ್ ಕ್ಯಾಟಲೀನಾ ಡಾಟ್ ಔಟ್ ತೆಗೀರಿ. ಸ್ಟಾರ್ಟ್ ಆಗೋ ಹೊತ್ತಲ್ಲಿ ಸಿವಿಯರ್ ಅಂತ ಒಂದು ಸಾಲು ಇರ್ಬೇಕು, ಎಜೆಪಿ ಕನೆಕ್ಟರ್‌ಗೆ ಸೀಕ್ರೆಟ್‌ರಿಕ್ವೈರ್ಡ್ ಟ್ರೂ ಇದೆ ಆದ್ರೆ ಸೀಕ್ರೆಟ್ (ಎರಡೂ ಸರ್ವರ್‌ಗೆ ಗೊತ್ತಿರ್ಬೇಕಾದ ಗುಟ್ಟಿನ ಪದ) ಖಾಲಿ ಇದೆ, ಇದು ನಡಿಯಲ್ಲ ಅಂತ. ಬೆಟ್ ಕಟ್ತೀನಿ.

ಕಾಫಿ_ಚೆರಿ

ಅಕ್ಕ ಅದೇ ಸಾಲು ಇದೆ!! ಆದ್ರೆ ಸೀಕ್ರೆಟ್ ಅನ್ನೋದನ್ನ ನಾನು ಎಲ್ಲೂ ಬರ್ದೇ ಇಲ್ವಲ್ಲ, ಟ್ರೂ ಅಂತ ಯಾರು ಹಾಕಿದ್ದು?

ನಾಪೋಕ್ಲು_ಅಕ್ಕ

ಯಾರೂ ಹಾಕ್ಬೇಕಿಲ್ಲ, ಡೀಫಾಲ್ಟೇ ಬದಲಾಗಿದೆ. 2020 ಫೆಬ್ರವರಿಲಿ ಘೋಸ್ಟ್‌ಕ್ಯಾಟ್ ಅಂತ ಒಂದು ಭದ್ರತೆಯ ತೂತು ಹೊರಗೆ ಬಂತು, ಅದರ ನಂಬರ್ ಸಿವಿಇ-2020-1938. ಎಜೆಪಿ ಅನ್ನೋದು ತನ್ನ ಹತ್ರ ಬಂದವರನ್ನೆಲ್ಲ ಮುಂದಿರೋ ವೆಬ್ ಸರ್ವರೇ ಅಂತ ನಂಬಿಬಿಡೋ ಪ್ರೋಟೋಕಾಲು. ಅದೂ ಸಾಲದು ಅಂತ ಆಗ ಎಲ್ಲಾ ಅಡ್ರೆಸ್‌ನಲ್ಲೂ ಡೀಫಾಲ್ಟಾಗೇ ತೆರ್ಕೊಂಡಿರ್ತಿತ್ತು. 8009 ಹೊರಗಿನವರಿಗೆ ಸಿಕ್ಕಿದ್ರೆ ಅಪ್ಲಿಕೇಶನ್ ಒಳಗಿನ ವೆಬ್-ಇನ್ಫ್ ಫೋಲ್ಡರ್‌ನಲ್ಲಿರೋ ಫೈಲು, ಅಲ್ಲಿ ಡೇಟಾಬೇಸ್ ಪಾಸ್‌ವರ್ಡ್ ಬರ್ದಿಟ್ಟಿದ್ರೆ ಅದೂ, ಓದ್ಬಹುದಿತ್ತು. ಫೈಲ್ ಅಪ್‌ಲೋಡ್ ಇರೋ ಅಪ್ಲಿಕೇಶನ್ ಆದ್ರೆ ಅಪ್‌ಲೋಡ್ ಮಾಡಿದ್ದನ್ನ ಜೆಎಸ್‌ಪಿ (ಸರ್ವರ್‌ನಲ್ಲಿ ಓಡೋ ಕೋಡ್) ಅಂತ ಓಡ್ಸೋಕೂ ಸಾಧ್ಯ ಇತ್ತು.

ಅದಾದ್ಮೇಲೆ 7.0.100, 8.5.51, 9.0.31, ಈ ಮೂರು ರಿಲೀಸಲ್ಲಿ ಬಿಗಿ ಮಾಡಿದ್ರು. ಎಜೆಪಿ ಕನೆಕ್ಟರ್ ಡೀಫಾಲ್ಟಾಗಿ ಕಾಮೆಂಟ್ ಒಳಗೆ ಹೋಯ್ತು, ಲೂಪ್‌ಬ್ಯಾಕ್, ಅಂದ್ರೆ ಅದೇ ಮಷಿನ್ ಒಳಗಿಂದ ಮಾತ್ರ ಸಿಗೋ ಅಡ್ರೆಸ್‌ನಲ್ಲಿ ಮಾತ್ರ ಕೇಳುತ್ತೆ, ಸೀಕ್ರೆಟ್ ಕಡ್ಡಾಯ. ಹಂಗಾಗಿ ನಿಮ್ಮ ಹಳೇ ಸಾಲು ಹಳೇ ಟಾಮ್‌ಕ್ಯಾಟ್‌ಗೆ ಸರಿ, ಹೊಸದಕ್ಕೆ ಅರ್ಧ. ಮಜಾ ಅಂದ್ರೆ ಆ ಒಂದು ಕನೆಕ್ಟರ್ ಮಾತ್ರ ಬಿದ್ದು, 8080 ಏನೂ ಆಗದೋರ ಥರ ಏಳುತ್ತೆ, ಅದಕ್ಕೇ ಜನ ಟಾಮ್‌ಕ್ಯಾಟ್ ಸರಿ ಇದೆ ಅಂದ್ಕೊಂಡು ಅಪಾಚೆನ ಬಯ್ಯೋದು.

ತಡಿಯಂಡಮೋಳ್

ಸರಿಯಾಗಿ ಹೇಳಿದ್ರಿ. ಇದಕ್ಕೆ ಮದ್ದು ಸುಲಭ. ಕನೆಕ್ಟರ್‌ನಲ್ಲಿ ಸೀಕ್ರೆಟ್ ಅಂತ ಉದ್ದದೊಂದು ಪದ ಹಾಕಿ, ಅದೇ ಪದ ಅಪಾಚೆಯ ಪ್ರಾಕ್ಸಿಪಾಸ್ ಸಾಲಿನ ಕೊನೆಗೆ ಸೀಕ್ರೆಟ್ ಈಕ್ವಲ್ಸ್ ಅಂತ ಹಾಕಿ. ಪ್ರಾಕ್ಸಿಯ ಎಜೆಪಿ ಮಾಡ್ಯೂಲ್‌ಗೆ ಈ ಸೀಕ್ರೆಟ್ ಅರ್ಥ ಆಗೋದು ಅಪಾಚೆ 2.4.42ರಿಂದ, ರಾಕಿ 9ರಲ್ಲಿ ಅದಕ್ಕಿಂತ ಹೊಸದೇ ಇದೆ, ಯೋಚನೆ ಇಲ್ಲ. ಎಜೆಪಿಗೆ ಮಾಡ್‌ಜೆಕೆ ಅನ್ನೋ ಇನ್ನೊಂದು ಅಪಾಚೆ ಮಾಡ್ಯೂಲ್ ಬಳಸೋರಿಗೆ ವರ್ಕರ್ಸ್ ಡಾಟ್ ಪ್ರಾಪರ್ಟೀಸ್‌ನಲ್ಲಿ ಸೀಕ್ರೆಟ್ ಅನ್ನೋದು ಹಿಂದಿನಿಂದಲೂ ಇದೆ. ಪದ ಹೊಂದಿಲ್ಲ ಅಂದ್ರೆ ಆಗ 503 ಹೋಗಿ 403 ಬರುತ್ತೆ, ಅದನ್ನ ನೋಡಿ ಹೊಸ ಪ್ರಾಬ್ಲಮ್ಮು ಅಂತ ಗಾಬರಿ ಆಗ್ಬೇಡಿ, ಬಾಗಿಲ ತನಕ ಬಂದಿದೀರಿ ಅಂತ ಅರ್ಥ.

ಇನ್ನೊಂದು ವಿಷಯ, ಹೊಸ ಸರ್ವರ್ ಡಾಟ್ ಎಕ್ಸ್‌ಎಂಎಲ್‌ನಲ್ಲಿ ಕಾಮೆಂಟ್ ಒಳಗಿರೋ ಮಾದರಿ ಸಾಲನ್ನ ಬಿಚ್ಚಿ ಬಳಸೋದಾದ್ರೆ ಹುಷಾರು. ಅದ್ರಲ್ಲಿ ಅಡ್ರೆಸ್ ::1 ಅಂತ ಇದೆ, ಅಂದ್ರೆ ಐಪಿವಿ6 ಮಾತ್ರ. ಅಪಾಚೆ ಕಡೆ 127.0.0.1 ಅಂತ ಬರ್ದಿದ್ರೆ ಮತ್ತೆ ಅದೇ 111. ಎರಡು ಕಡೆ ಒಂದೇ ಬರೀರಿ.

ನಾಪೋಕ್ಲು_ಅಕ್ಕ

ಸುಲಭ ಏನೋ ಹೌದು. ಆದ್ರೆ ನನ್ನ ಕೇಳಿದ್ರೆ ಎಜೆಪಿನೇ ಬೇಡ. ಒಂದೇ ಮಷಿನ್, ಒಂದೇ ಟಾಮ್‌ಕ್ಯಾಟ್, ದಿನಕ್ಕೆ ಎಷ್ಟು ಜನ ಸದಸ್ಯರು ಬರ್ತಾರೆ ಅಂತ ಎಲ್ರಿಗೂ ಗೊತ್ತು. 8080ಕ್ಕೆ ಸಾದಾ ಎಚ್‌ಟಿಟಿಪಿ ಪ್ರಾಕ್ಸಿ ಮಾಡಿ, ಎಜೆಪಿ ಸಾಲನ್ನ ತೆಗ್ದು ಬಿಸಾಕಿ. ಕೆಟ್ಟಾಗ ಟರ್ಮಿನಲ್‌ನಲ್ಲಿ ಕರ್ಲ್ ಕಮಾಂಡ್ ಹಾಕಿ ನೋಡ್ಬಹುದು, ಉತ್ತರ ಕಣ್ಣಿಗೆ ಕಾಣುತ್ತೆ. ಎಜೆಪಿ ಬೈನರಿ, ಕರ್ಲ್‌ಗೂ ಬಗ್ಗಲ್ಲ ಬ್ರೌಸರ್‌ಗೂ ಬಗ್ಗಲ್ಲ, ಕತ್ತಲಲ್ಲಿ ತಡಕಾಡೋದು.

ತಡಿಯಂಡಮೋಳ್

ಅಕ್ಕಾವ್ರೆ, ಅಷ್ಟು ಬೇಗ ಮೂಲೆಗೆ ಹಾಕ್ಬೇಡಿ. ಎಜೆಪಿಲಿ ಬಂದವರ ಅಸಲಿ ಐಪಿ, ಎಚ್‌ಟಿಟಿಪಿಎಸ್‌ನಲ್ಲಿ ಬಂದ್ರಾ ಇಲ್ವಾ, ಯಾವ ಹೋಸ್ಟ್ ಹೆಸ್ರು, ಎಲ್ಲಾ ತಾನಾಗೇ ಹಿಂದಕ್ಕೆ ಹೋಗುತ್ತೆ. ಎಚ್‌ಟಿಟಿಪಿ ಪ್ರಾಕ್ಸಿ ಮಾಡಿದ್ರೆ ಟಾಮ್‌ಕ್ಯಾಟ್ ಲಾಗ್ ತುಂಬಾ 127.0.0.1 ಒಂದೇ. ಯಾರು ಯಾವ ಕಂಪ್ಯೂಟರಿಂದ ಸ್ಟಾಕ್ ತಿದ್ದಿದ್ರು ಅಂತ ಆಡಿಟ್‌ನವರು ಕೇಳಿದ್ರೆ ಏನ್ ತೋರಿಸ್ತೀರಿ? ಸಿಪಿಂಗ್ ಸಿಪಾಂಗ್ ಅಂತ ಇದೆ, ಹಿಂದಿನವ ಬದುಕಿದಾನಾ ಅಂತ ರಿಕ್ವೆಸ್ಟ್ ಕಳ್ಸೋ ಮುಂಚೆನೇ ಕೇಳಿ ನೋಡುತ್ತೆ.

ನಾಪೋಕ್ಲು_ಅಕ್ಕ

ಐಪಿಗೆ ರಿಮೋಟ್‌ಐಪಿವಾಲ್ವ್ ಇದೆಯಲ್ಲ ಸರ್, ಹೆಡರ್ ಓದಿ ಅಸಲಿ ಐಪಿ ತಿಳ್ಕೊಳ್ಳೋ ಟಾಮ್‌ಕ್ಯಾಟ್ ಭಾಗ. ಸರ್ವರ್ ಡಾಟ್ ಎಕ್ಸ್‌ಎಂಎಲ್‌ನಲ್ಲಿ ಒಂದು ಸಾಲು. ಆ ಐಪಿ ಹೊತ್ತ ಎಕ್ಸ್-ಫಾರ್ವರ್ಡೆಡ್-ಫಾರ್ ಹೆಡರನ್ನ ಅಪಾಚೆಯ ಪ್ರಾಕ್ಸಿ ತಾನೇ ಸೇರ್ಸುತ್ತೆ. ಎಕ್ಸ್-ಫಾರ್ವರ್ಡೆಡ್-ಪ್ರೋಟೋ ಮಾತ್ರ ನಾವು ರಿಕ್ವೆಸ್ಟ್‌ಹೆಡರ್ ಸಾಲು ಹಾಕಿ ಕಳಿಸ್ಬೇಕು. ವಾಲ್ವ್‌ಗೆ ಆ ಪ್ರೋಟೋ ಹೆಡರ್ ಹೆಸರು ಹೇಳ್ಕೊಟ್ರೆ ಎಚ್‌ಟಿಟಿಪಿಎಸ್ ಅಂತಾನೂ ತಿಳ್ಕೊಳುತ್ತೆ. ಅಕ್ಸೆಸ್ ಲಾಗ್ ವಾಲ್ವ್‌ನಲ್ಲಿ ರಿಕ್ವೆಸ್ಟ್‌ಅಟ್ರಿಬ್ಯೂಟ್ಸ್‌ಎನೇಬಲ್ಡ್ ಟ್ರೂ ಮಾಡ್ಬೇಕು, ಇಲ್ಲಾಂದ್ರೆ ಲಾಗ್‌ನಲ್ಲಿ ಮಾತ್ರ ಹಳೇ 127.0.0.1 ಹಂಗೇ ಉಳಿಯುತ್ತೆ, ಇದನ್ನ ಮರೆತೋರೇ ಜಾಸ್ತಿ.

ತಡಿಯಂಡಮೋಳ್

ನೋಡಿದ್ರಾ, ಎಜೆಪಿಲಿ ತಾನಾಗೇ ಬರೋದಕ್ಕೆ ನಿಮ್ಮಲ್ಲಿ ಮೂರು ಕಡೆ ತಿದ್ದಬೇಕು 🙂

ನಾಪೋಕ್ಲು_ಅಕ್ಕ

ಒಂದು ಸಲ ತಿದ್ದಿದ್ರೆ ಆಯ್ತು. ನಿಮ್ಮ ಎಜೆಪಿಲಿ ಕುಕೀ ಸ್ವಲ್ಪ ದೊಡ್ಡದಾದ ದಿನ ಪ್ಯಾಕೆಟ್ ಸೈಜ್ 8192 ದಾಟಿ ಪೇಜ್ ಬಿದ್ದೋದಾಗ ಗೊತ್ತಾಗುತ್ತೆ, ಆಗ ಟಾಮ್‌ಕ್ಯಾಟ್ ಕಡೆ ಒಂದು ಸಾಲು ಅಪಾಚೆ ಕಡೆ ಒಂದು ಸಾಲು ಎರಡನ್ನೂ ಏರ್ಸಿ 65536ರ ಒಳಗೆ ಹೊಂದಿಸ್ಬೇಕು. ಬೇಡ ಬಿಡಿ, ಚೆರಿ ಪಾಪ ಕಾಯ್ತಿದಾನೆ.

ಸೋಮವಾರಪೇಟೆ_ಮಳೆ

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ, ಮಾಡ್‌ಜೆಕೆ2 ಅಂತ ಒಂದು ಇದೆಯಂತಲ್ಲ, 2 ಅಂದ್ಮೇಲೆ ಅದೇ ಹೊಸದಲ್ವಾ?

ರೋಬಸ್ಟಾ_ರೂಟ್

ಅದು 2004ರಲ್ಲೇ ಕೈಬಿಟ್ಟ ಪ್ರಾಜೆಕ್ಟು. ನಂಬರ್ ನೋಡಿ ಮೋಸ ಹೋಗ್ಬೇಡಿ, ಇವತ್ತಿಗೂ ಜೀವಂತ ಇರೋದು ಹೆಸರಲ್ಲಿ 2 ಇಲ್ಲದ ಮಾಡ್‌ಜೆಕೆ. ಈ ವಿಷಯದಲ್ಲಿ ಗೂಗಲ್‌ನಲ್ಲಿ ಸಿಗೋ ಪಾಠಗಳು ಅರ್ಧಕ್ಕರ್ಧ ಇಪ್ಪತ್ತು ವರ್ಷದ ಹಿಂದಿನವು, ಮೇಲೆ ತಾರೀಕು ನೋಡ್ದೆ ಏನನ್ನೂ ಕಾಪಿ ಮಾಡ್ಬೇಡಿ. ಮಾಡ್‌ಜೆಕೆ ಹಾಕಿದೋರು ಇನ್ನೊಂದು ನೆನಪಿಟ್ಕೊಳ್ಳಿ: ಯಾವ ಪಾತ್ ಟಾಮ್‌ಕ್ಯಾಟ್‌ಗೆ ಹೋಗ್ಬೇಕು ಅಂತ ಹೇಳೋ ಜೆಕೆಮೌಂಟ್ ಸಾಲನ್ನ ಮೇನ್ ಕಾನ್ಫಿಗ್‌ನಲ್ಲಿ ಬರ್ದು ಸೈಟ್ ವರ್ಚುವಲ್ ಹೋಸ್ಟ್ ಒಳಗಿದ್ರೆ ಅದು ಒಳಗೆ ಇಳಿಯಲ್ಲ, ಜೆಕೆಮೌಂಟ್‌ಕಾಪಿ ಆನ್ ಮಾಡ್ಬೇಕು ಇಲ್ಲಾ ಒಳಗೇ ಬರೀಬೇಕು. 404 ಬಂದು ತಲೆ ಕೆಡಿಸೋ ಕೇಸ್ ಅದು.

ಕಾಫಿ_ಚೆರಿ

ಅಕ್ಕನ ಮಾತು ಕೇಳಿ ಎಜೆಪಿ ತೆಗ್ದೆ. ಪ್ರಾಕ್ಸಿಪಾಸ್‌ನ ಎಚ್‌ಟಿಟಿಪಿ 127.0.0.1:8080ಕ್ಕೆ ತಿರುಗ್ಸಿದೆ. ಈಗಲೂ 503, ಆದ್ರೆ ನಂಬರ್ ಬೇರೆ: 13, ಪರ್ಮಿಷನ್ ಡಿನೈಡ್. ರೂಟ್ ಆಗಿ ಕರ್ಲ್ ಮಾಡಿದ್ರೆ 8080 ಉತ್ತರ ಕೊಡುತ್ತೆ.

ಹಾರಂಗಿ_ನೀರು

ಸೆಟ್‌ಎನ್‌ಫೋರ್ಸ್ 0 ಹೊಡೀರಿ, ಎಸ್‌ಇಲಿನಕ್ಸ್ ಮಲಗುತ್ತೆ.

ರೋಬಸ್ಟಾ_ರೂಟ್

ದಯವಿಟ್ಟು ಹಂಗೆ ಮಾಡ್ಬೇಡಿ. ಆ ಕಮಾಂಡ್ ಎಸ್‌ಇಲಿನಕ್ಸ್ ಹೌದಾ ಅಲ್ವಾ ಅಂತ ಒಂದು ನಿಮಿಷ ಪರೀಕ್ಷೆ ಮಾಡೋಕೆ ಸರಿ, ಸದಸ್ಯರ ಸಾಲದ ಲೆಕ್ಕ ಇರೋ ಮಷಿನ್‌ನಲ್ಲಿ ಹಂಗೇ ಬಿಡೋದಲ್ಲ. ನೀವು ಟರ್ಮಿನಲ್‌ನಲ್ಲಿ ಕರ್ಲ್ ಮಾಡಿದಾಗ ಓಡೋದು ನಿಮ್ಮ ಹಕ್ಕಿನಲ್ಲಿ, ಅಪಾಚೆ ಓಡೋದು ತನ್ನದೇ ಕಟ್ಟುಪಾಡಿನಲ್ಲಿ, ಅದಕ್ಕೇ ನಿಮಗೆ ಬರುತ್ತೆ ಅದಕ್ಕೆ ಬರಲ್ಲ. ಸೆಟ್‌ಎಸ್‌ಇಬೂಲ್ ಅಂತ ಕಮಾಂಡ್ ಇದೆ, ಎಚ್‌ಟಿಟಿಪಿಡಿ_ಕ್ಯಾನ್_ನೆಟ್‌ವರ್ಕ್_ಕನೆಕ್ಟ್ ಅನ್ನೋ ಸ್ವಿಚ್ಚನ್ನ 1 ಮಾಡಿ. ಮುಖ್ಯವಾಗಿ ಮೈನಸ್ ಪಿ ಹಾಕಿ, ದೊಡ್ಡಕ್ಷರ ಪಿ. ಅದಿಲ್ದಿದ್ರೆ ಈಗ ಕೆಲಸ ಮಾಡುತ್ತೆ, ಮಷಿನ್ ರೀಸ್ಟಾರ್ಟ್ ಆದ ತಕ್ಷಣ ಮತ್ತೆ 13. ನಮ್ಮೂರಲ್ಲಿ ಮಳೆಗಾಲದಲ್ಲಿ ರೀಸ್ಟಾರ್ಟ್ ಅನ್ನೋದು ನಾವು ಕರೆದಾಗ ಬರೋದಲ್ಲ ಅಲ್ವಾ, ಲೈನ್ ಮೇಲೆ ಸಿಲ್ವರ್ ಮರ ಬಿದ್ರೆ ಆಯ್ತು.

ಕಾಫಿ_ಚೆರಿ

ಬಂತು!! ಪೇಜ್ ಬಂತು ಸರ್. ಲಾಗಿನ್ ಪೇಜ್ ಅಪಾಚೆ ಮೂಲಕ ಕಾಣ್ತಿದೆ. ಆದ್ರೆ ಯೂಸರ್ ನೇಮ್ ಪಾಸ್‌ವರ್ಡ್ ಹಾಕಿ ಒತ್ತಿದ್ರೆ ಮತ್ತೆ ಲಾಗಿನ್ ಪೇಜೇ. ಪಾಸ್‌ವರ್ಡ್ ತಪ್ಪು ಅಂತಾನೂ ಹೇಳಲ್ಲ. 8080ರಲ್ಲಿ ನೇರ ಹೋದ್ರೆ ಲಾಗಿನ್ ಆಗುತ್ತೆ. ಒಂದು ವಿಷಯ ಹೇಳ್ಬೇಕು, ಮುಂಚೆ ಅಡ್ರೆಸ್ ಕೊನೆಗೆ ಸ್ಲ್ಯಾಶ್ ಸೊಸೈಟಿ ಅಂತ ಇತ್ತು, ಈ ಸಲ ಅಧ್ಯಕ್ಷರು ಅಡ್ರೆಸ್ ಚಿಕ್ಕದಾಗಿರ್ಲಿ ಅಂದ್ರು ಅಂತ ಬರೀ ಸ್ಲ್ಯಾಶನ್ನ ಟಾಮ್‌ಕ್ಯಾಟ್‌ನ ಸ್ಲ್ಯಾಶ್ ಸೊಸೈಟಿಗೆ ಮ್ಯಾಪ್ ಮಾಡಿದೀನಿ.

ನಾಪೋಕ್ಲು_ಅಕ್ಕ

ಅಧ್ಯಕ್ಷರು ಹೇಳಿದ ಆ ಒಂದು ಮಾತಲ್ಲೇ ಇದೆ ನಿಮ್ಮ ಕಷ್ಟ. ಬ್ರೌಸರ್‌ನಲ್ಲಿ ಎಫ್12 ಒತ್ತಿ ಕುಕೀ ನೋಡಿ. ಜೆಸೆಷನ್‌ಐಡಿ ಅನ್ನೋ ಕುಕೀನ ಟಾಮ್‌ಕ್ಯಾಟ್ ಕೊಟ್ಟಿರುತ್ತೆ, ಅದರ ಪಾತ್ ಜಾಗದಲ್ಲಿ ಸ್ಲ್ಯಾಶ್ ಸೊಸೈಟಿ ಅಂತ ಇರುತ್ತೆ. ಆದ್ರೆ ಬ್ರೌಸರ್ ನಿಂತಿರೋದು ಬರೀ ಸ್ಲ್ಯಾಶ್‌ನಲ್ಲಿ. ಪಾತ್ ಹೊಂದಲ್ಲ, ಹಂಗಾಗಿ ಕುಕೀನ ವಾಪಸ್ ಕಳಿಸಲ್ಲ, ಟಾಮ್‌ಕ್ಯಾಟ್‌ಗೆ ಪ್ರತೀ ಸಲವೂ ನೀವು ಹೊಸಬರು, ಲಾಗಿನ್ ಪೇಜ್ ಕೊಟ್ಟು ಕೂರ್ಸುತ್ತೆ. ಪಾಸ್‌ವರ್ಡ್ ಸರಿ ಇದೆ ಅದಕ್ಕೇ ತಪ್ಪು ಅಂತ ಹೇಳ್ತಿಲ್ಲ.

ಪ್ರಾಕ್ಸಿಪಾಸ್‌ರಿವರ್ಸ್‌ಕುಕೀಪಾತ್ ಅಂತ ಒಂದು ಸಾಲು ಇದೆ, ಸ್ಲ್ಯಾಶ್ ಸೊಸೈಟಿನ ಸ್ಲ್ಯಾಶ್‌ಗೆ ಬದಲಾಯಿಸು ಅಂತ ಹೇಳಿದ್ರೆ ಲಾಗಿನ್ ಆಗುತ್ತೆ. ಆದ್ರೆ ಆಮೇಲೆ ಪೇಜ್ ಒಳಗಿರೋ ಲಿಂಕು, ಚಿತ್ರ, ಸ್ಕ್ರಿಪ್ಟು ಇವೆಲ್ಲ ಸ್ಲ್ಯಾಶ್ ಸೊಸೈಟಿ ಅಂತಲೇ ಶುರುವಾದ್ರೆ ಅವೆಲ್ಲ ಕೆಡ್ತವೆ. ಪ್ರಾಕ್ಸಿಪಾಸ್‌ರಿವರ್ಸ್ ತಿದ್ದೋದು ಹೆಡರ್ ಮಾತ್ರ, ಎಚ್‌ಟಿಎಂಎಲ್ ಒಳಗೆ ಕೈ ಹಾಕಲ್ಲ. ನನ್ನ ಮಾತು ಕೇಳೋದಾದ್ರೆ ಎರಡು ಕಡೆನೂ ಪಾತ್ ಒಂದೇ ಇರ್ಲಿ. ಅಧ್ಯಕ್ಷರಿಗೆ ಚಿಕ್ಕ ಅಡ್ರೆಸ್ಸೇ ಬೇಕು ಅಂದ್ರೆ ವಾರ್ ಫೈಲಿನ (ಅಪ್ಲಿಕೇಶನ್ ಪೂರ್ತಿ ಕಟ್ಟಿಟ್ಟ ಫೈಲು) ಹೆಸರನ್ನ ರೂಟ್ ಡಾಟ್ ವಾರ್ ಅಂತ ದೊಡ್ಡಕ್ಷರದಲ್ಲಿ ಇಟ್ಟು ಡಿಪ್ಲಾಯ್ ಮಾಡಿ, ಆಗ ಟಾಮ್‌ಕ್ಯಾಟ್‌ನಲ್ಲೂ ಅದು ಬರೀ ಸ್ಲ್ಯಾಶ್‌ನಲ್ಲೇ ಏಳುತ್ತೆ, ಕುಕೀ ಪಾತ್ ಜಗಳನೇ ಇಲ್ಲ. ಪ್ರಾಕ್ಸಿಪಾಸ್ ಬರೆಯುವಾಗ ಒಂದು ಕಡೆ ಕೊನೇಲಿ ಸ್ಲ್ಯಾಶ್ ಇದ್ರೆ ಇನ್ನೊಂದು ಕಡೆನೂ ಇರ್ಬೇಕು, ಒಂದು ಕಡೆ ಇದ್ದು ಒಂದು ಕಡೆ ಬಿಟ್ರೆ ಪಾತ್ ಅಂಟ್ಕೊಂಡು ಇಲ್ಲದ ಪೇಜ್ ಹುಡುಕುತ್ತೆ.

ರೋಬಸ್ಟಾ_ರೂಟ್

ಜೊತೆಗೆ ಪ್ರಾಕ್ಸಿಪ್ರಿಸರ್ವ್‌ಹೋಸ್ಟ್ ಆನ್ ಮಾಡಿ. ಇಲ್ಲಾಂದ್ರೆ ಅಪ್ಲಿಕೇಶನ್ ಎಲ್ಲಾದ್ರೂ ಪೂರ್ತಿ ಅಡ್ರೆಸ್ ಕಟ್ಟೋ ಕಡೆ 127.0.0.1:8080 ಅಂತ ಬರೆಯುತ್ತೆ, ಅದು ಸದಸ್ಯರ ಮೊಬೈಲಿಗೆ ಹೋದ್ರೆ ಅವರ ಮೊಬೈಲ್ ತನ್ನನ್ನೇ ತಾನು ಹುಡುಕ್ಕೊಂಡು ಕೂರುತ್ತೆ. ಮತ್ತೆ 8080ರ ಕನೆಕ್ಟರ್‌ಗೆ ಅಡ್ರೆಸ್ 127.0.0.1 ಅಂತ ಹಾಕಿಬಿಡಿ. ಈಗ ಅದು ಎಲ್ಲಾ ಕಡೆ ತೆರ್ಕೊಂಡಿದೆ, ಆಫೀಸಿನ ವೈಫೈ ಸಿಕ್ಕವರು ಯಾರು ಬೇಕಾದ್ರೂ ಅಪಾಚೆನ ತಪ್ಪಿಸ್ಕೊಂಡು ನೇರ ಟಾಮ್‌ಕ್ಯಾಟ್‌ಗೇ ಹೋಗ್ಬಹುದು.

ಕಾಫಿ_ಚೆರಿ

ರೂಟ್ ಡಾಟ್ ವಾರ್ ಮಾಡಿದೆ, ಲಾಗಿನ್ ಆಯ್ತು, ಗೊಬ್ಬರದ ಬಿಲ್ ಪ್ರಿಂಟೂ ಬಂತು. ಅಕ್ಕ, ರೂಟ್ ಸರ್, ತಡಿಯಂಡಮೋಳ್ ಸರ್, ನಿಮಗೆಲ್ಲ ಒಂದೊಂದು ಲೋಟ ಬೆಲ್ಲದ ಕಾಫಿ ಬಾಕಿ.

ಕಾಫಿ_ಚೆರಿ

ಮತ್ತೆ ಬಂದೆ. ರಾತ್ರಿ ಗಾಳಿ ಮಳೆಗೆ ಕರೆಂಟ್ ಹೋಯ್ತು, ಯುಪಿಎಸ್ ಎಷ್ಟೊತ್ತು ತಡೆಯುತ್ತೆ, ಅದೂ ಹೋಯ್ತು. ಬೆಳಗ್ಗೆ ಕರೆಂಟ್ ಬಂದು ಮಷಿನ್ ಎದ್ದಿದೆ, ಆಫೀಸ್ ಬಾಗಿಲು ತೆಗ್ದ ತಕ್ಷಣ ಫೋನ್, ಮತ್ತೆ 503 ಅಂತ. ನಾನು ಹೋಗಿ ನೋಡಿದ್ರೆ ಟಾಮ್‌ಕ್ಯಾಟ್ ಎದ್ದಿದೆ, ಕರ್ಲ್‌ಗೆ ಉತ್ತರ ಕೊಡ್ತಿದೆ, ಲಾಗ್‌ನಲ್ಲಿ 13 ಇಲ್ಲ, 111 ಒಂದೇ ಒಂದು ಸಾಲು ಇದೆ ಅದೂ ಸುಮಾರು ಮುಂಚಿನದು. ಆದ್ರೂ ಬ್ರೌಸರ್‌ನಲ್ಲಿ 503. ನೋಡ್ತಾ ನೋಡ್ತಾ ಇದ್ದಂಗೆ ತಾನಾಗೇ ಸರಿ ಹೋಯ್ತು! ನಾನು ಏನೂ ಮುಟ್ಟಿಲ್ಲ. ಇದು ಇನ್ನೂ ಭಯ ಹುಟ್ಟಿಸ್ತಿದೆ.

ರೋಬಸ್ಟಾ_ರೂಟ್

ಭಯ ಬೇಡ, ಇದಕ್ಕೂ ಲೆಕ್ಕ ಇದೆ. ಮಷಿನ್ ಎದ್ದಾಗ ಅಪಾಚೆ ಚಿಟಿಕೆ ಹೊಡೆಯೋದ್ರಲ್ಲಿ ರೆಡಿ. ಟಾಮ್‌ಕ್ಯಾಟ್‌ಗೆ ಜಾವಾ ಏಳ್ಬೇಕು, ವಾರ್ ಬಿಚ್ಚಬೇಕು, ಡೇಟಾಬೇಸ್ ಸಿಗಬೇಕು, ಟೈಮ್ ಹಿಡಿಯುತ್ತೆ. ಆ ಸಂದಿಲಿ ಯಾರೋ ಒಬ್ರು ಪೇಜ್ ತೆಗೀತಾರೆ, ಅಪಾಚೆ 8080 ತಟ್ಟುತ್ತೆ, 111. ತಕ್ಷಣ ಅದು ಆ ಹಿಂದಿನ ಸರ್ವರ್‌ನ ಎರರ್ ಸ್ಟೇಟ್‌ಗೆ ಹಾಕಿ 60 ಸೆಕೆಂಡ್ ತಿರುಗಿ ನೋಡಲ್ಲ, ಡೀಫಾಲ್ಟ್ ರಿಟ್ರೈ ಅಷ್ಟು. ಬೆಳಗ್ಗೆ ಮಸ್ಟರ್‌ನಲ್ಲಿ ರೈಟರು ಒಂದ್ಸಲ ಗೈರು ಅಂತ ಬರ್ದ್ಮೇಲೆ ಆಳು ಬಂದು ಎದುರಿಗೆ ನಿಂತ್ರೂ ಗೈರೇ, ಹಂಗೆ. ಆ 60 ಸೆಕೆಂಡಲ್ಲಿ ಬಂದ ಎಲ್ಲಾ ರಿಕ್ವೆಸ್ಟ್‌ಗೂ ಟಾಮ್‌ಕ್ಯಾಟನ್ನ ಕೇಳ್ದೆನೇ 503. ಅದಕ್ಕೇ ಲಾಗ್‌ನಲ್ಲಿ 111 ಹೊಸದಾಗಿ ಬರಲ್ಲ.

ಹಿಂದೆ ಇರೋದು ಒಂದೇ ಸರ್ವರ್ ಆದಾಗ ಈ ಶಿಕ್ಷೆಗೆ ಅರ್ಥನೇ ಇಲ್ಲ. ಎರಡು ಮೂರು ಇದ್ದು ಲೋಡ್ ಹಂಚೋದಾದ್ರೆ ಸತ್ತವನ ಹತ್ರ ಹೋಗದೆ ಇರೋದು ಸರಿ. ಪ್ರಾಕ್ಸಿಪಾಸ್ ಸಾಲಿನ ಕೊನೆಗೆ ರಿಟ್ರೈ ಈಕ್ವಲ್ಸ್ 0 ಅಂತ ಸೇರ್ಸಿ, ಪ್ರತಿ ಸಲ ಹೊಸದಾಗಿ ತಟ್ಟಿ ನೋಡುತ್ತೆ.

ತಡಿಯಂಡಮೋಳ್

ಮಷಿನ್ ಏಳುವಾಗ ಸರ್ವಿಸ್‌ಗಳನ್ನ ಏಳ್ಸೋ ಸಿಸ್ಟಮ್‌ಡಿಯ ಯೂನಿಟ್ ಫೈಲಲ್ಲಿ ಅಪಾಚೆಗೆ ಆಫ್ಟರ್ ಟಾಮ್‌ಕ್ಯಾಟ್ ಅಂತ ಹಾಕಿದ್ರೆ ಆಗಲ್ವಾ?

ರೋಬಸ್ಟಾ_ರೂಟ್

ಹಾಕ್ಬಹುದು, ಆದ್ರೆ ಅದೊಂದನ್ನೇ ನಂಬ್ಕೊಂಡು ಕೂರೋ ಹಾಗಿಲ್ಲ. ಸ್ಟಾರ್ಟಪ್ ಸ್ಕ್ರಿಪ್ಟಿಂದ ಏಳ್ಸೋ ಟಾಮ್‌ಕ್ಯಾಟ್ ವಿಷಯದಲ್ಲಿ ಸಿಸ್ಟಮ್‌ಡಿಗೆ ಗೊತ್ತಾಗೋದು ಜಾವಾ ಪ್ರೋಸೆಸ್ ಹುಟ್ತು ಅಂತ ಮಾತ್ರ, ಅಪ್ಲಿಕೇಶನ್ ತಯಾರಾಗಿ ಪೋರ್ಟ್ ತೆಗೀತು ಅಂತಲ್ಲ. ಹುಟ್ಟಿದ ಕೂಡ್ಲೇ ಅಪಾಚೆನ ಬಿಟ್ಟುಬಿಡುತ್ತೆ. ಚೆರಿ, ಟಾಮ್‌ಕ್ಯಾಟ್‌ಗೂ ಸಿಸ್ಟಮ್‌ಸಿಟಿಎಲ್ ಎನೇಬಲ್ ಕೊಟ್ಟಿದೀರಾ ಅಲ್ವಾ, ಎದ್ದಿದೆ ಅಂದ್ಮೇಲೆ ಕೊಟ್ಟಿರ್ತೀರಿ. ಡೇಟಾಬೇಸ್‌ಗೂ ನೋಡ್ಕೊಳ್ಳಿ.

ಇನ್ನೊಂದು ಉಪಕಾರ ಆಫೀಸಿನವರಿಗೆ ಮಾಡಿ. 503ಕ್ಕೆ ಕನ್ನಡದಲ್ಲಿ ಒಂದು ಸಾದಾ ಪೇಜ್ ಮಾಡಿ ಎರರ್‌ಡಾಕ್ಯುಮೆಂಟ್ ಸಾಲಲ್ಲಿ ಕೊಡಿ, ಸರ್ವರ್ ಈಗಷ್ಟೇ ಏಳ್ತಿದೆ ಸ್ವಲ್ಪ ಹೊತ್ತು ಬಿಟ್ಟು ನೋಡಿ ಅಂತ. ಆದ್ರೆ ಆ ಪೇಜಿನ ಪಾತ್‌ಗೆ ಪ್ರಾಕ್ಸಿಪಾಸ್ ಬರ್ದು ಮುಂದೆ ಆಶ್ಚರ್ಯಸೂಚಕ ಚಿಹ್ನೆ ಹಾಕ್ಬೇಕು, ಇದನ್ನ ಹಿಂದಕ್ಕೆ ಕಳಿಸ್ಬೇಡ ಅಂತ. ಅದು ಸ್ಲ್ಯಾಶ್‌ನ ಪ್ರಾಕ್ಸಿಪಾಸ್ ಸಾಲಿಗಿಂತ ಮೇಲಿರ್ಬೇಕು. ಕೆಳಗಿದ್ರೆ ಕ್ಷಮಾಪಣೆ ಪೇಜೂ ಸತ್ತ ಟಾಮ್‌ಕ್ಯಾಟ್ ಹತ್ರನೇ ಹೋಗುತ್ತೆ.

ಹಾರಂಗಿ_ನೀರು

ಇಷ್ಟೆಲ್ಲಾ ಓದಿ ಸುಸ್ತಾಯ್ತು. ಎನ್‌ಜಿನ್‌ಎಕ್ಸ್ ಅಂತ ಮೊದಲೇ ಹೇಳಿದ್ದೆ.

ನಾಪೋಕ್ಲು_ಅಕ್ಕ

ತಮ್ಮಾ, ಎನ್‌ಜಿನ್‌ಎಕ್ಸ್‌ನಲ್ಲೂ ಟಾಮ್‌ಕ್ಯಾಟ್ ನಿಧಾನಕ್ಕೇ ಏಳೋದು, ಕುಕೀ ಪಾತ್ ಹಿಂಗೇ ಕಾಡೋದು, ಎಸ್‌ಇಲಿನಕ್ಸ್ ಹಿಂಗೇ 13 ಕೊಡೋದು. ಮೇಲಿಂದ ಡೀಫಾಲ್ಟ್ ಅಪ್‌ಲೋಡ್ ಮಿತಿ 1 ಎಂಬಿ, ಸದಸ್ಯರು ಪಹಣಿ ಫೋಟೋ ಮೊಬೈಲಿಂದ ಹಾಕಿದ್ರೆ ಫೈಲ್ ತೀರಾ ದೊಡ್ಡದು ಅಂತ 413 ಬಂದು ಬೀಳುತ್ತೆ. ವರ್ಷದ ರಿಪೋರ್ಟ್ 60 ಸೆಕೆಂಡ್ ಉಸಿರಾಡ್ದೆ ಕೂತ್ರೆ ಕಾದು ಸಾಕಾಯ್ತು ಅಂತ 504. ನಾನೂ ಎನ್‌ಜಿನ್‌ಎಕ್ಸೇ ಬಳಸೋದು, ಇಷ್ಟನೂ ಹೌದು, ಆದ್ರೆ ಕೆಟ್ಟಿದ್ದನ್ನ ಹುಡುಕೋ ಕೆಲಸ ಅದ್ರಿಂದ ತಪ್ಪಲ್ಲ.

ಹಾರಂಗಿ_ನೀರು

413 ನಂಗೂ ಬಂದಿತ್ತು, ಒಪ್ದೆ ಅಕ್ಕ 😅

ಸೋಮವಾರಪೇಟೆ_ಮಳೆ

ನಂದೂ ಒಂದು ಇದೆ, ಹೊಸ ಥ್ರೆಡ್ ಯಾಕೆ ಅಂತ ಇಲ್ಲೇ ಕೇಳ್ತೀನಿ. ನಮ್ದು ಹಳೇದು, ಟಾಮ್‌ಕ್ಯಾಟ್ 7, ಮುಂದೆ ಅಪಾಚೆ, ಮಧ್ಯೆ ಎಜೆಪಿ. ಸರ್ಚ್ ಬಾಕ್ಸ್‌ನಲ್ಲಿ ಸದಸ್ಯರ ಹೆಸರು ಕನ್ನಡದಲ್ಲಿ ಹೊಡೆದ್ರೆ ಏನೂ ಸಿಗಲ್ಲ, ಸರ್ಚ್ ಆದ್ಮೇಲೆ ಬಾಕ್ಸ್‌ನಲ್ಲಿ ನಾವು ಹೊಡೆದ ಹೆಸರು ಹೋಗಿ ಎಂಥದೋ ಅರ್ಥ ಆಗದ ಅಕ್ಷರ ಬಂದು ಕೂರುತ್ತೆ. ಇಂಗ್ಲಿಷ್ ಹೆಸರಿಗೆ ಸರಿ ಬರುತ್ತೆ. ಯುಆರ್‌ಐಎನ್‌ಕೋಡಿಂಗ್ ಯುಟಿಎಫ್-8 ಹಾಕಿ ಅಂತ ಎಲ್ಲೋ ಓದಿ ಹಾಕಿದೀನಿ. ವಿಚಿತ್ರ ಏನಂದ್ರೆ 8080ರಲ್ಲಿ ನೇರ ಹೋದ್ರೆ ಕನ್ನಡ ಸಿಗುತ್ತೆ, ಅಪಾಚೆ ಮೂಲಕ ಸಿಗಲ್ಲ. ಅಪಾಚೆಗೆ ಕನ್ನಡ ಬರಲ್ವಾ?

ನಾಪೋಕ್ಲು_ಅಕ್ಕ

ಅಪಾಚೆ ಪಾಪ ಏನೂ ಮಾಡಿಲ್ಲ. ಆ ಯುಆರ್‌ಐಎನ್‌ಕೋಡಿಂಗ್ ಯಾವ ಕನೆಕ್ಟರ್‌ಗೆ ಹಾಕಿದ್ರಿ? 8080ಕ್ಕೆ ಹಾಕಿರ್ತೀರಿ. ನಿಮ್ಮ ಅಪಾಚೆ ಬರೋದು 8009ರಿಂದ, ಅದು ಬೇರೆ ಕನೆಕ್ಟರ್, ಅದಕ್ಕೂ ಬೇರೆಯಾಗಿ ಹಾಕ್ಬೇಕು. ಟಾಮ್‌ಕ್ಯಾಟ್ 7ರಲ್ಲಿ ಡೀಫಾಲ್ಟ್ ಐಎಸ್‌ಒ-8859-1, ಅದ್ರಲ್ಲಿ ಕನ್ನಡಕ್ಕೆ ಜಾಗನೇ ಇಲ್ಲ, ಒಂದೊಂದು ಕನ್ನಡ ಅಕ್ಷರದ ಮೂರು ಬೈಟನ್ನ ಮೂರು ಬೇರೆ ಅಕ್ಷರ ಅಂತ ಓದುತ್ತೆ. 8ರಿಂದ ಡೀಫಾಲ್ಟೇ ಯುಟಿಎಫ್-8 ಆಗಿದೆ. ಇದು ಅಡ್ರೆಸ್ ಸಾಲಲ್ಲಿ ಬರೋ ಹುಡುಕಾಟಕ್ಕೆ. ಫಾರಂ ತುಂಬಿ ಪೋಸ್ಟ್ ಮಾಡೋ ಹೆಸರೂ ಕೆಡ್ತಿದ್ರೆ ಅದಕ್ಕೆ ಸೆಟ್‌ಕ್ಯಾರೆಕ್ಟರ್‌ಎನ್‌ಕೋಡಿಂಗ್‌ಫಿಲ್ಟರ್ ಅಂತ ಬೇರೆ ಇದೆ, ವೆಬ್ ಡಾಟ್ ಎಕ್ಸ್‌ಎಂಎಲ್‌ನಲ್ಲಿ, ಎಲ್ಲಾ ಫಿಲ್ಟರ್‌ಗಿಂತ ಮೊದಲು ಇಡಿ.

ಸೋಮವಾರಪೇಟೆ_ಮಳೆ

8009ಕ್ಕೆ ಹಾಕಿದೆ, ಕನ್ನಡ ಹೆಸರು ಸಿಕ್ತು ಅಕ್ಕ. ದೇವರು ಒಳ್ಳೇದು ಮಾಡ್ಲಿ.

ರೋಬಸ್ಟಾ_ರೂಟ್

ಮಳೆ, ನಿಮ್ಮ 7ರ ವರ್ಷನ್ ಎಷ್ಟು? 7.0.100ಕ್ಕಿಂತ ಕೆಳಗಿದ್ದು 8009 ಹೊರಗೆ ತೆರ್ಕೊಂಡಿದ್ರೆ ಮೇಲೆ ಅಕ್ಕ ಹೇಳಿದ ಘೋಸ್ಟ್‌ಕ್ಯಾಟ್ ನಿಮಗೇ ಅನ್ವಯ. ಇವತ್ತೇ ಕನೆಕ್ಟರ್‌ಗೆ ಅಡ್ರೆಸ್ 127.0.0.1 ಹಾಕಿ, ಫೈರ್‌ವಾಲ್‌ನಲ್ಲೂ ಮುಚ್ಚಿ. ಟಾಮ್‌ಕ್ಯಾಟ್ 7ಕ್ಕೆ 2021ರಿಂದ ಅಪ್ಡೇಟೇ ಇಲ್ಲ.

ಸೋಮವಾರಪೇಟೆ_ಮಳೆ

ಅಡ್ರೆಸ್ ಈಗಲೇ ಹಾಕ್ತೀನಿ. ಹೆಂಗೂ ಬದಲಾಯಿಸೋದಾದ್ರೆ ಸೀದಾ 10ಕ್ಕೇ ಹೋಗ್ಲಾ? ನಮ್ಮ ಅಪ್ಲಿಕೇಶನ್ ಸೋರ್ಸ್ ಕೋಡ್ ನಮ್ಮ ಹತ್ರ ಇಲ್ಲ, ವಾರ್ ಫೈಲ್ ಒಂದೇ ಇರೋದು.

ಕಾಫಿ_ಚೆರಿ

ಇದು ನಂಗೂ ಬೇಕಿತ್ತು, ನಮ್ದೂ ಅದೇ ಕಥೆ.

ನಾಪೋಕ್ಲು_ಅಕ್ಕ

ಸೋರ್ಸ್ ಇಲ್ದೆ 10ಕ್ಕೆ ಹಾರ್ಬೇಡಿ. 10ರಿಂದ ಜಾವಾಎಕ್ಸ್ ಅಂತಿದ್ದ ಪ್ಯಾಕೇಜ್ ಹೆಸರುಗಳೆಲ್ಲ ಜಕಾರ್ತಾ ಆಗಿವೆ, ಹಳೇ ವಾರ್ ಹಂಗೇ ಹಾಕಿದ್ರೆ ಟಾಮ್‌ಕ್ಯಾಟ್ ಏಳುತ್ತೆ ಅಪ್ಲಿಕೇಶನ್ ಮಾತ್ರ ಏಳಲ್ಲ, 404 ನೋಡಿ ಮತ್ತೆ ಅಪಾಚೆ ಕಾನ್ಫಿಗ್ ಕೆದಕ್ತಾ ಕೂರ್ತೀರಿ. ವೆಬ್‌ಆಪ್ಸ್-ಜಾವಾಇಇ ಅಂತ ಫೋಲ್ಡರ್ ಮಾಡಿ ಅದ್ರಲ್ಲಿ ಹಳೇ ವಾರ್ ಇಟ್ರೆ 10 ತಾನೇ ಪರಿವರ್ತನೆ ಮಾಡಿ ವೆಬ್‌ಆಪ್ಸ್‌ಗೆ ಹಾಕುತ್ತೆ, ಸುಮಾರು ಅಪ್ಲಿಕೇಶನ್ ಅದ್ರಲ್ಲಿ ಓಡ್ತವೆ, ಎಲ್ಲಾನೂ ಓಡುತ್ತೆ ಅಂತ ನಾನು ಗ್ಯಾರಂಟಿ ಕೊಡಲ್ಲ. ಮಳೆ, ನೀವು ಮೊದ್ಲು 9ಕ್ಕೆ ಬನ್ನಿ, ಅಲ್ಲಿ ಜಾವಾಎಕ್ಸ್ ಹಂಗೇ ಇದೆ. ಚೆರಿ, ನೀವು ಇದ್ದಲ್ಲೇ ಇರಿ. 10ನ್ನ ಆಫೀಸ್ ಮಷಿನ್ ಬಿಟ್ಟು ಮನೆಯ ಲ್ಯಾಪ್‌ಟಾಪ್‌ನಲ್ಲಿ ಮಾಡಿ ನೋಡಿ, ಕಾಫಿ ಕುಯ್ಲು ಶುರುವಾಗೋ ಮುಂಚೆ.